ಆಡಿನ ಸೀಟು

ನನ್ನ ಕಾರಿಗೆ ಎರಡೇ ಸೀಟು. ಒಂದರಲ್ಲಿ ನಾನು ಕೂರುತ್ತಿದ್ದೆ. ಇನ್ನೊಂದರಲ್ಲಿ ವಾರಕ್ಕೆ ಎರಡು ಮೂರು ದಿನ ಒಂದು ಆಡು ಕೂರುತ್ತಿತ್ತು, ಉಳಿದ ದಿನ ಮರ್ದಾನಸಾಬ ಕೂರುತ್ತಿದ್ದ. ಅವನು ಕೊಪ್ಪಳದ ದನದ ದವಾಖಾನೆಯ ಜವಾನ. ನಾನು ಅಲ್ಲಿಯ ಸಲೋತ್ರಿ, ಅಂದರೆ ನಿಜಾಮ ಸರಕಾರದ ದನದ ಡಾಕ್ಟರು. ಆಡು ಹೊರಡುವ ದಿನಗಳಲ್ಲಿ ಮರ್ದಾನಸಾಬ ಹಿಂದಿನ ದಿನವೇ ಯಾರದೋ ಬಂಡಿ ಹತ್ತಿ ಮುಂದೆ ಹೋಗಿರಬೇಕಾಗುತ್ತಿತ್ತು.

"ಸರಕಾರಿ ನೌಕರಿ ಹಿಡದು ಹದಿನೆಂಟು ವರ್ಷ ಆತ್ರಿ ಸಾಹೇಬ್ರ," ಎಂದು ಅವನು ನಾನು ಹೋಗಿ ಮುಟ್ಟಿದಾಗ ಆಡಿನ ಕೊರಳ ಹಗ್ಗವನ್ನು ಸೀಟಿನಿಂದ ಬಿಚ್ಚುತ್ತ ಹೇಳುತ್ತಿದ್ದ. "ಹ್ವಾದ ವಾರ ಸಂತ್ಯಾಗ ಕೊಂಡ ಆಡು, ನನಗಿಂತ ಮ್ಯಾಲಿನ ದರ್ಜಾಕ್ಕ ಹೋತು ನೋಡ್ರಿ."

ಕಾರನ್ನು ನಾನು ಹೊಸಪೇಟೆಯ ಕಡೆ ಗಣಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರನಿಂದ ಒಂದು ಜೋಡಿ ಒಳ್ಳೆಯ ಎತ್ತಿನ ಬೆಲೆಗೆ ಕೊಂಡಿದ್ದೆ. ಹಸಿರು ಬಣ್ಣ, ಎದೆಯ ಮಟ್ಟಕ್ಕೂ ಬಾರದ ಎತ್ತರ. ಬಾಗಿಲುಗಳನ್ನು ಮೊಳಕೈ ಇಳಿಬಿಡಲು ಅನುಕೂಲವಾಗುವಂತೆ ತಗ್ಗಾಗಿ ಕೊರೆದಿದ್ದರು. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದಿತ್ತು. ಮಡಚಿ ಬಿಡಿಸುವ ಕ್ಯಾನ್ವಾಸ್ ಹೊದಿಕೆಯೊಂದಿತ್ತು. ಅದು ಮೊದಲ ಮಳೆಗಾಲಕ್ಕೇ ಹರಿಯಿತು, ಮತ್ತೆ ಹೊಲಿಸಲಿಲ್ಲ. ನುಣುಪಾದ ರಸ್ತೆಯ ಮೇಲೆ ಪಂದ್ಯಕ್ಕೆ ಬಿಡಲು ಮಾಡಿದ ಗಾಡಿ ಅದು. ನಮ್ಮ ಕಡೆಯ ಬಂಡಿಯ ಎರಡು ಗಾಲಿಗಳ ನಡುವೆ ಸುಮಾರು ಐದು ಅಡಿ ಅಂತರ. ಟೇಪು ಹಿಡಿದು ಅಳೆದಾಗ ನನ್ನ ಕಾರಿನದು ಮೂರೂವರೆ ಅಡಿ. ಆದ್ದರಿಂದ ಒಂದು ಕಡೆಯ ಚಕ್ರಗಳು ಬಂಡಿಯ ಜಾಡಿನಲ್ಲಿ ಇಳಿದರೆ ಇನ್ನೊಂದು ಕಡೆಯವು ನಡುವಿನ ದಿಬ್ಬದ ಮೇಲೆ ಓಡುತ್ತಿದ್ದವು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಈ ನಾಲ್ಕೂ ತಾಲೂಕುಗಳಲ್ಲಿ ಎರಡು ವರ್ಷ ನಾನು ಎಡಕ್ಕೆ ವಾಲಿಕೊಂಡೇ ಸರಕಾರದ ಸೇವೆ ಮಾಡಿದೆ.

ಕುದುರೆ ಬಿಟ್ಟು ಇಂಥ ಕಾರನ್ನು ದಿನದ ಕೆಲಸಕ್ಕೆ ಹಚ್ಚಿದ್ದಕ್ಕೆ ಕಾರಣವಿತ್ತು. ದನಗಳಿಗೆ ಬರುವ ದೊಡ್ಡ ಬ್ಯಾನಿ ಎಂಬ ಅಂಟುರೋಗ ಒಂದು ಹಟ್ಟಿಗೆ ಹೊಕ್ಕರೆ ಹತ್ತರಲ್ಲಿ ಎಂಟನ್ನು ಒಯ್ಯುತ್ತದೆ. ಬಂದ ಮೇಲೆ ಅದಕ್ಕೆ ಔಷಧವಿಲ್ಲ. ಬರುವ ಮೊದಲು ಒಂದು ಉಪಾಯವಿದೆ. ಬಲ ಕುಂದಿಸಿ ಪಳಗಿಸಿದ ರೋಗದ ಬೀಜವನ್ನು ಆಡಿಗೆ ಚುಚ್ಚಬೇಕು. ಆಡಿಗೆ ಜ್ವರ ಬಂದು ನಾಲ್ಕನೆಯ ದಿನ ಅದರ ರಕ್ತ ತೆಗೆದು ಎತ್ತಿಗೆ ಚುಚ್ಚಬೇಕು. ಎತ್ತಿಗೆ ಎರಡು ದಿನ ಸಣ್ಣ ಜ್ವರ ಬರುತ್ತದೆ, ಆಮೇಲೆ ಬ್ಯಾನಿ ಅದನ್ನು ಮುಟ್ಟುವುದಿಲ್ಲ. ಆದರೆ ತೆಗೆದ ರಕ್ತ ನಮ್ಮ ಬಿಸಿಲಿಗೆ ಎರಡು ತಾಸು ತಡೆಯುವುದಿಲ್ಲ, ತಣ್ಣಗಿಡಲು ಕೊಪ್ಪಳದಲ್ಲಿ ಬರ್ಫದ ಗಡ್ಡೆ ಸಿಗುವುದಿಲ್ಲ. ಹಾಗಾಗಿ ರಕ್ತವನ್ನು ಆಡಿನೊಳಗೇ ಇಟ್ಟು ಒಯ್ಯಬೇಕು, ಅದೂ ಜ್ವರ ಏರಿದ ಒಂದೇ ದಿನದಲ್ಲಿ. ಕುದುರೆ ಕುಷ್ಟಗಿಗೆ ಎರಡು ದಿನ ತೆಗೆದುಕೊಳ್ಳುತ್ತಿತ್ತು, ಕಾರು ಮೂರು ತಾಸು. ಲೆಕ್ಕ ಸರಿಯಾಗಿತ್ತು. ಇವತ್ತಿಗೂ ಆ ಲೆಕ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಇರಕಲ್ಲಗಡದ ಹಳ್ಳದಲ್ಲಿ ಮಾತ್ರ ಕಾರು ಪ್ರತಿಸಲವೂ ಉಸುಕಿನಲ್ಲಿ ಹೂತುಕೊಳ್ಳುತ್ತಿತ್ತು. ಹಳ್ಳದ ಆ ದಂಡೆಯ ಮೇಲೆ ಆದೆಪ್ಪನ ಹೊಲ. ಹಾರ್ನ್ ಒತ್ತಿದರೆ ಅವನು ತನ್ನ ಜೋಡಿ ಎತ್ತು ಹೊಡೆದುಕೊಂಡು ಬರುತ್ತಿದ್ದ. ಒಂದರ ಹೆಸರು ಗೌಜಗ, ಇನ್ನೊಂದು ಮೈಲ. ಕಾರಿನ ಮುಂದಿನ ಅಚ್ಚಿಗೆ ಹಗ್ಗ ಕಟ್ಟಿ ಒಂದು ಸಲ "ಹೋ" ಅಂದರೆ ಸಾಕು.

"ಸಾಹೇಬ್ರ, ಎಷ್ಟು ಕುದುರಿ ಬಲ ಅಂದ್ರಿ ಇದರದು?"

"ಮೂವತ್ತಾರು."

"ಮೂವತ್ತಾರು ಕುದುರಿ ಕೂಡಿ ಎರಡು ಎತ್ತಿನ ಮುಂದ ಮಣ್ಣು ಮುಕ್ಕಿದ್ವಲ್ರಿ!"

ಅವನ ಹೆಂಡತಿ ಹುಲಗೆಮ್ಮ ಅಷ್ಟರಲ್ಲಿ ಬಂದು ಆಡನ್ನು ಇಳಿಸಿ ಸೀಟು ಗುಡಿಸಿ ಒರೆಸುತ್ತಿದ್ದಳು. ನಾನು ಬೇಡವೆಂದರೂ ಕೇಳುತ್ತಿರಲಿಲ್ಲ. "ಓದಿದವರು ಹೊಲಸಿನಾಗ ಅಡ್ಡಾಡಬಾರ್ದ್ರಿ" ಅನ್ನುತ್ತಿದ್ದಳು. ಆ ಎರಡೂ ಎತ್ತು ಅವಳ ಕೈಯಲ್ಲಿ ಬೆಳೆದವು. ಗೌಜಗನ ತಾಯಿ ಈದ ಮೂರನೆಯ ದಿನ ಸತ್ತಾಗ ಅವಳು ಬಿದಿರಿನ ಗೊಟ್ಟದಲ್ಲಿ ಹಾಲು ಹಾಕಿ ಕರುವನ್ನು ಉಳಿಸಿದ್ದಳು. ಆರು ಎಕರೆ ಎರೆ ಹೊಲ, ಆ ಜೋಡಿ, ಅವರಿಗಿದ್ದದ್ದು ಇಷ್ಟೇ.

ಫಸಲಿ ೧೩೪೮, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ೧೯೩೯ರ ಫೆಬ್ರವರಿಯಲ್ಲಿ, ಯಲಬುರ್ಗಾ ದಾರಿಯ ಮಟ್ಟಿಹಾಳದಲ್ಲಿ ಬ್ಯಾನಿ ಬಿತ್ತು. ಆ ವಾರ ಆದೆಪ್ಪ ನನ್ನನ್ನು ಹಳ್ಳದಿಂದ ಎಳೆದು ಹಾಕಿದ ಮೇಲೆ ಹಗ್ಗ ಸುತ್ತುತ್ತ ಕೇಳಿದ.

"ಇಲ್ಲಿಗೆ ಬರ್ತೈತೇನ್ರಿ ಅದು?"

"ಬರಬಹುದು. ಬರೋದ್ರೊಳಗ ಸೂಜಿ ಹಾಕಿದ್ರ ಚಿಂತಿ ಇಲ್ಲ."

"ನಮ್ಮೂರಾಗ ಸೂಜಿಗೆ ಒಪ್ಪಾಂಗಿಲ್ಲ. ಬ್ಯಾನಿ ತರೋ ದೇವಿ, ಅವ್ವ, ಸಿಟ್ಟಾಗ್ತಾಳ ಅಂತಾರ." ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, "ಮೊದಲು ನನ್ನ ಎತ್ತಿಗೆ ಹಾಕ್ರಿ," ಅಂದ. "ಆಮ್ಯಾಲ ಅವ್ರು ಒಪ್ತಾರ. ಈ ಜೋಡಿ ಹ್ವಾದ್ರ ನಾ ಮಂದಿ ಹೊಲಕ್ಕ ಕೂಲಿ ಹೋಗಬೇಕಾಗ್ತೈತ್ರಿ. ಮತ್ತೊಂದು ಜೋಡಿ ಈ ಜನ್ಮದಾಗ ಆಗಾಂಗಿಲ್ಲ."

"ಬರೋ ಸೋಮವಾರ ಆಡು ತರ್ತೀನಿ," ಎಂದು ಮಾತು ಕೊಟ್ಟೆ.

ಆ ಸೋಮವಾರ ಆಡಿಗೆ ಜ್ವರದ ನಾಲ್ಕನೆಯ ದಿನ. ಬೆಳಿಗ್ಗೆ ಮಟ್ಟಿಹಾಳಕ್ಕೆ ಹೋಗಿ ಅಲ್ಲಿ ಉಳಿದಿದ್ದ ಕೆಲವು ದನಗಳಿಗೆ ಸೂಜಿ ಹಾಕಿ, ಅದೇ ಆಡನ್ನು ಮಧ್ಯಾಹ್ನ ಇರಕಲ್ಲಗಡಕ್ಕೆ ಒಯ್ಯುವುದೆಂದು ಗೊತ್ತುಮಾಡಿದ್ದೆ. ಮರ್ದಾನಸಾಬ ಹಿಂದಿನ ದಿನವೇ ಇರಕಲ್ಲಗಡಕ್ಕೆ ಹೋಗಿದ್ದ. ಕಾರನ್ನು ಮಟ್ಟಿಹಾಳದ ಬೇವಿನ ಮರದ ನೆರಳಿಗೆ ನಿಲ್ಲಿಸಿ, ಬೇಕಾದಷ್ಟು ರಕ್ತ ತೆಗೆದುಕೊಂಡು, ಆಡನ್ನು ಸೀಟಿನಲ್ಲೇ ಕಟ್ಟಿ ಊರೊಳಗೆ ಹೋದೆ. ಮನೆ ಮನೆಗೂ ದನಕ್ಕೆ ಮೇವಿಡುವ ಗೋದಲಿಗಳು ಖಾಲಿ. ಕೆಲವದರಲ್ಲಿ ಸತ್ತ ಎತ್ತು ಕಚ್ಚಿ ಬಿಟ್ಟ ಜೋಳದ ದಂಟಿನ ಸೊಪ್ಪೆ ಹಾಗೇ ಬಿದ್ದಿತ್ತು. ಎರಡು ತಾಸಿನ ಕೆಲಸ ಮುಗಿಸಿ ಬಂದಾಗ ಕಾರಿನ ಸುತ್ತ ಇಡೀ ಊರು ನಿಂತಿತ್ತು.

ಆಡನ್ನು ಕೆಳಗೆ ಕಾಲಿಡುವ ಜಾಗಕ್ಕೆ ಇಳಿಸಿದ್ದರು. ಸೀಟಿನ ಮೇಲೆ ಒಂದು ಮೊರ, ಮೊರದಲ್ಲಿ ಅರಿಸಿನ ಬಡಿದ ಮಣ್ಣಿನ ಬೊಂಬೆ, ಹಸಿರು ಬಳೆ, ಖಣ, ನಿಂಬೆಹಣ್ಣು, ಮೊಸರನ್ನ, ಸುತ್ತ ಬೇವಿನ ಸೊಪ್ಪು. ಉಡಚಮ್ಮ ಎಂಬ ಮುದುಕಿ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಿದು?" ಅಂದೆ.

"ಅವ್ವ ಅದಾಳ. ಊರು ಬಿಟ್ಟು ಹೊಂಟಾಳ."

"ನನ್ನ ಮೋಟಾರಿನಾಗ ಯಾಕ?"

"ಮತ್ತ ಯಾವುದರಾಗ ಕಳಸೂಣ ಹೇಳು, ತಮ್ಮಾ? ಪ್ರತಿಸಲ ಸಣ್ಣ ಬಂಡಿ ಮಾಡಿ ಗಡಿ ಮಟಾ ಎಳಕೊಂಡು ಹೋಗಿ ಬಿಟ್ಟು ಬರ್ತಿದ್ವಿ. ಗಡಿ ಆಚಿಗಿನವರು ಮುಂದಿನ ಗಡಿಗೆ ಒಯ್ತಿದ್ರು. ಹ್ವಾದಸಲ ಅವರು ಬಡಿಗಿ ಹಿಡಕೊಂಡು ನಿಂತಿದ್ರು, ನನ್ನ ಮಗನ ತಲಿ ಒಡೀತು. ನಿನ್ನ ಬಂಡಿಗೆ ಯಾವಾಂವ ಅಡ್ಡ ನಿಂದರ್ತಾನ? ಸರಕಾರದ್ದು. ಗಡಿನ ಇಲ್ಲ ಅದಕ್ಕ."

"ಇದರಾಗ ಎರಡ ಸೀಟು, ಆಯಿ."

"ಒಂದು ಖಾಲೀನ ಇತ್ತಲ್ಲ. ಆಡು ಕೆಳಗ ಕುಂದರ್ತೈತಿ. ಮತ್ತ ಮ್ಯಾಲ ಮುಚ್ಚಳಾನೂ ಇಲ್ಲ. ಮುಚ್ಚಿದ ಬಂಡ್ಯಾಗ ಆಕಿ ಕುಂದ್ರಾಂಗಿಲ್ಲ, ಆಕಿಗೆ ಗಾಳಿ ಬೇಕು."

ಗುಂಪಿನಲ್ಲಿ ಯಾರೋ ನಕ್ಕರು. ಮುದುಕಿ ನಗಲಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು. ವಾದಕ್ಕೆ ನಿಂತರೆ ಒಂದು ತಾಸು ಹೋಗುತ್ತದೆ, ಆಡಿನ ಜ್ವರ ನನ್ನ ದಾರಿ ಕಾಯುವುದಿಲ್ಲ. ಮಣ್ಣಿನ ಬೊಂಬೆ ಮಣ್ಣು. ಅದರಿಂದ ಯಾವ ರೋಗವೂ ಹರಡುವುದಿಲ್ಲ. ಆಗಲಿ ಎಂದು ಕಾರು ಹತ್ತಿದೆ.

"ಹಿಂದ ಹೊಳ್ಳಿ ನೋಡಬ್ಯಾಡ," ಅಂದಳು ಉಡಚಮ್ಮ. "ಆಡಿಗೂ ಒಂದಿಷ್ಟು ಮೇವು ಇಟ್ಟೀವಿ. ನಮ್ಮಲ್ಲಿ ಇನ್ನ ತಿನ್ನಾಕ ಏನು ಉಳದಾವ?"

ಸೀಟಿನ ಕೆಳಗೆ, ಆಡಿನ ಮುಂದೆ, ಗೋದಲಿಯಿಂದ ಬಾಚಿ ತಂದ ಒಂದು ತೆಕ್ಕೆ ಜೋಳದ ಸೊಪ್ಪೆ ಇತ್ತು. ಅದು ರೋಗದ ಊರಿನ ಮೇವು ಎಂಬುದು ನನಗೆ ಹೊಳೆಯಲಿಲ್ಲವೆಂದಲ್ಲ. ಆಡಿನ ಮೈಯಲ್ಲಿ ಆಗಲೇ ರೋಗವಿದೆ, ಈ ಮೇವಿನಿಂದ ಅದಕ್ಕೆ ಹೊಸದಾಗಿ ಆಗುವುದು ಏನೂ ಇಲ್ಲ ಎಂದು ಯೋಚಿಸಿದೆ. ಯೋಚನೆ ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಅಲ್ಲಿಗೆ ನಿಂತಿತು.

ಮಟ್ಟಿಹಾಳದ ಗಡಿಯಲ್ಲಿ ಕಾರು ನಿಲ್ಲಿಸಿ ನಿಯಮದಂತೆ ನಾಲ್ಕೂ ಟೈರುಗಳನ್ನು ಫಿನಾಯಿಲಿನಿಂದ ತೊಳೆದೆ. ಬೂಟು ತೊಳೆದೆ, ಕೈ ತೊಳೆದೆ. ಸಮಯವನ್ನು ನೋಟುಬುಕ್ಕಿನಲ್ಲಿ ಬರೆದೆ: ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಅಲ್ಲಿಂದ ಹತ್ತು ಹನ್ನೆರಡು ಮೈಲಿ ಹೋದ ಮೇಲೆ, ಸುತ್ತ ಊರಿಲ್ಲದ ಕಲ್ಲುಗುಡ್ಡದ ಹತ್ತಿರ ಒಂದು ಜಾಲಿ ಗಿಡದ ಬುಡದಲ್ಲಿ ಮೊರವನ್ನು ಇಳಿಸಿದೆ. ತಲೆಯೆತ್ತಿದರೆ ಬಂಡೆಯ ಮೇಲೆ ಒಬ್ಬ ಕುರಿಯವನು ಕಂಬಳಿ ಹೊದ್ದು ಕೂತಿದ್ದ. ಇರಕಲ್ಲಗಡದ ಗಿಡ್ಡಪ್ಪ, ಮುಖಪರಿಚಯವಿತ್ತು.

"ಯಾರನ್ನ ಇಳಿಸಿದ್ರಿ, ಸಾಹೇಬ್ರ?" ಎಂದು ಅಲ್ಲಿಂದಲೇ ಕೂಗಿದ.

ಮುಚ್ಚಳವಿಲ್ಲದ ಕಾರಿನಲ್ಲಿ ಯಾರು ಕೂತಿದ್ದಾರೆಂಬುದು ಒಂದು ಹರಿದಾರಿ ದೂರಕ್ಕೂ ಕಾಣುತ್ತದೆ. ಅದರಲ್ಲೂ ಅರಿಸಿನ. ನಾನು ಕಾರು ಹತ್ತಿ ಹೊರಟೆ. ಮುಂದೆ ಎರಡು ಕಡೆ ರೇಡಿಯೇಟರು ಕುದಿದು ನಿಲ್ಲಬೇಕಾಯಿತು. ಅಷ್ಟರಲ್ಲಿ ಗಿಡ್ಡಪ್ಪ ಕಾಲುದಾರಿ ಹಿಡಿದು ನನಗಿಂತ ಮೊದಲೇ ಊರು ಮುಟ್ಟಿದ.

ಹಳ್ಳಕ್ಕೆ ಬಂದಾಗ ಮೂರು ಗಂಟೆ. ಕಾರು ಎಂದಿನಂತೆ ನಡುವಿನ ಉಸುಕಿನಲ್ಲಿ ಕೂತಿತು. ಎದುರಿನ ದಂಡೆಯ ಮೇಲೆ ಮೂವತ್ತು ನಲವತ್ತು ಜನ. ಊರ ಹಿರಿಯ ಹುಚ್ಚೀರಪ್ಪ ಬಡಿಗೆ ಊರಿ ಮುಂದೆ ನಿಂತಿದ್ದ.

"ಅಲ್ಲೇ ನಿಂದರ್ರಿ, ಸಾಹೇಬ್ರ. ಆಕಿ ಕುಂತ ಬಂಡಿ ನಮ್ಮ ಸೀಮ್ಯಾಗ ಬರಾಂಗಿಲ್ಲ."

"ಬೊಂಬಿ ದಾರ್ಯಾಗ ಇಳಿಸಿ ಬಂದೀನಿ. ನಿಮ್ಮ ಗಿಡ್ಡಪ್ಪನ ನೋಡ್ಯಾನ, ಕೇಳ್ರಿ."

"ಇಳಿಸಿದ್ದು ಬೊಂಬಿ. ಆಕಿ ಇಳದಳು ಅಂತ ನಿಮಗ ಯಾರು ಹೇಳಿದ್ರು?"

ಗುಂಪಿನ ಹಿಂದಿನಿಂದ ಆದೆಪ್ಪ ಎತ್ತು ಹೊಡೆದುಕೊಂಡು ಬಂದ. ಅವನ ಜೊತೆ ಮರ್ದಾನಸಾಬನೂ ಇದ್ದ.

"ಮಾವಾ, ನಾಳೆ ನೀರಿಗೆ ಬಂದ ಹೆಣ್ಣಮಕ್ಕಳು ಈ ಮೋಟಾರಿನ ಮ್ಯಾಲ ಅರಬಿ ಒಗೀಬೇಕೇನು?" ಎಂದು ಹುಚ್ಚೀರಪ್ಪನಿಗೆ ಹೇಳುತ್ತ ಆದೆಪ್ಪ ನೀರಿಗೆ ಇಳಿದೇಬಿಟ್ಟ. "ಊರೊಳಗ ತರೋದಿಲ್ಲ. ನನ್ನ ಹೊಲದಾಗ ನಿಂದರ್ಲಿ."

ಗೌಜಗ ಮತ್ತು ಮೈಲ ಕಾರನ್ನು ಎಳೆದು ಅವನ ಹೊಲದ ಗುಡಿಸಲಿನ ಮುಂದೆ ತಂದು ನಿಲ್ಲಿಸಿದವು. ಯಾರೂ ಹತ್ತಿರ ಬರಲಿಲ್ಲ.

ಥರ್ಮಾಮೀಟರ್ ಹಾಕಿದೆ. ಆಡಿನ ಜ್ವರ ನೂರಾ ಆರು. ರಕ್ತ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ.

"ನಿನ್ನ ಜೋಡಿಗೆ ಹಾಕಿಬಿಡ್ತೀನಿ, ಆದೆಪ್ಪ. ಕಾಲು ತಾಸಿನ ಕೆಲಸ."

ಆದೆಪ್ಪ ಊರ ಕಡೆ ನೋಡಿದ. "ಇವತ್ತು ನಾನೊಬ್ಬಾಂವ ಹಾಕಿಸಿದ್ರ ನಾಳೆ ನನ್ನನ್ನ ಊರ ಬಾವಿಗೆ ಬಿಡಾಂಗಿಲ್ರಿ. ಮೋಟಾರ ಎಳದದ್ದಕ್ಕ ಈಗ ಸಿಟ್ಟಾಗ್ಯಾರ. ಮುಂಜಾನೆ ಊರ ಕಟ್ಟಿ ಮ್ಯಾಲ ಎಲ್ಲಾರೂ ಕೂಡ್ತಾರ. ನಾ ಒಪ್ಪಿಸ್ತೀನಿ, ಎಲ್ಲಾರವಕ್ಕೂ ಕೂಡೇ ಹಾಕ್ರಿ."

"ನಾಳೆಗೆ ಜ್ವರ ಇಳೀತೈತಿ. ರಕ್ತ ಕೆಲಸಕ್ಕ ಬರಾಂಗಿಲ್ಲ."

"ಮತ್ತೊಂದು ಆಡು ತರ್ರಿ."

"ಅದಕ್ಕ ಚುಚ್ಚಾಕ ಹೈದರಾಬಾದಿನಿಂದ ಬೀಜ ಬರಬೇಕು. ಹತ್ತು ದಿನ."

"ಹತ್ತು ದಿನದಾಗ ಏನಾಗ್ತೈತ್ರಿ? ಬ್ಯಾನಿ ಇನ್ನೂ ಮಟ್ಟಿಹಾಳದಾಗ ಐತಿ. ನಡುವ ಎಷ್ಟು ಊರದಾವ."

ಅವನ ಲೆಕ್ಕವೂ ತಪ್ಪಿರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ನಾವು ಹೀಗೆ ಮಾತಾಡುವಾಗ ಹುಲಗೆಮ್ಮ ಎಂದಿನಂತೆ ಆಡನ್ನು ಇಳಿಸಿ, ಚೆಲ್ಲಿದ ಮೊಸರನ್ನ ಬಳಿದು, ಸೀಟು ಒರೆಸುತ್ತಿದ್ದಳು. ಅವಳು ಒಂದು ತೆಕ್ಕೆ ಏನನ್ನೋ ಎತ್ತಿಕೊಂಡು ಗುಡಿಸಲಿನ ಹಿಂದಕ್ಕೆ ಹೋದದ್ದನ್ನು ಕಣ್ಣಂಚಿನಲ್ಲಿ ನೋಡಿದೆ. ನನ್ನ ಲಕ್ಷ್ಯ ಥರ್ಮಾಮೀಟರಿನ ಮೇಲಿತ್ತು.

ಮರುದಿನ ಕಟ್ಟೆಯ ಮೇಲೆ ಯಾರೂ ಒಪ್ಪಲಿಲ್ಲ. ಜ್ವರ ನೂರಾ ಎರಡೂವರೆಗೆ ಇಳಿದಿತ್ತು. ಆಡನ್ನು ಕೂರಿಸಿಕೊಂಡು ಕೊಪ್ಪಳಕ್ಕೆ ಮರಳಿದೆ. ಹೈದರಾಬಾದಿಗೆ ತಾರು ಕೊಟ್ಟೆ.

ಏಳನೆಯ ದಿನ ಮರ್ದಾನಸಾಬ ದವಾಖಾನೆಯ ಬಾಗಿಲಲ್ಲಿ ಬಂದು ನಿಂತ. "ಸಾಹೇಬ್ರ, ಗೌಜಗ ಮೇವು ಬಿಟ್ಟೈತಂತ."

ಕಾರನ್ನು ಹಳ್ಳದ ಈಚೆಗೇ ಬಿಟ್ಟು ನಡೆದು ಹೋದೆ. ಗೌಜಗನ ಕಣ್ಣಿನಿಂದ ನೀರು ಸುರಿದು ಮುಖದ ಮೇಲೆ ಎರಡು ಕಪ್ಪು ಗೆರೆ ಬಿದ್ದಿದ್ದವು. ತುಟಿ ಮಗುಚಿ ನೋಡಿದೆ. ಒಸಡಿನ ಮೇಲೆ ತೌಡು ಎರಚಿದ ಹಾಗೆ ಬಿಳಿ ಹುಣ್ಣು. ಮೈಲನಿಗೆ ಇನ್ನೂ ಜ್ವರ ಮಾತ್ರ. ಹುಲಗೆಮ್ಮ ಗಂಜಿಯನ್ನು ಅದೇ ಹಳೆಯ ಬಿದಿರಿನ ಗೊಟ್ಟದಲ್ಲಿ ಹಾಕಿ ಗೌಜಗನ ಬಾಯಿಗೆ ಹಿಡಿದಿದ್ದಳು. ಅದು ನುಂಗುತ್ತಿರಲಿಲ್ಲ, ಗಂಜಿ ಅವಳ ಮೊಳಕೈಯಿಂದ ಇಳಿಯುತ್ತಿತ್ತು.

ನಾನು ಬದುವಿನ ಮೇಲೆ ಕೂತು ನೋಟುಬುಕ್ಕು ತೆರೆದೆ. ಮಟ್ಟಿಹಾಳಕ್ಕೂ ಇರಕಲ್ಲಗಡಕ್ಕೂ ನಡುವೆ ಹನ್ನೊಂದು ಊರು. ಒಂದರಲ್ಲೂ ಬ್ಯಾನಿ ಇಲ್ಲ. ಅಲ್ಲಿಂದ ಇಲ್ಲಿಗೆ ದನ ಬಂದಿಲ್ಲ, ಸಂತೆ ಕೂಡಿಲ್ಲ, ಚರ್ಮದ ವ್ಯಾಪಾರಿ ಬಂದಿಲ್ಲ. ಆ ಎರಡು ಊರನ್ನು ಮುಟ್ಟಿದ್ದು ನನ್ನ ಕಾರು ಒಂದೇ. ಟೈರು ತೊಳೆದದ್ದು ಬರೆದಿತ್ತು, ಬೂಟು ಬರೆದಿತ್ತು, ಕೈ ಬರೆದಿತ್ತು. ಅದರ ಕೆಳಗೆ ಆ ದಿನದ ಕೊನೆಯ ಸಾಲು ನನ್ನದೇ ಅಕ್ಷರದಲ್ಲಿ: "ಹುಲಗೆಮ್ಮ ಸೀಟು ಸ್ವಚ್ಛ ಮಾಡಿದಳು."

ಗುಡಿಸಲಿನ ಹಿಂದೆ ಹೋಗಿ ಗೋದಲಿಯನ್ನು ನೋಡಿದೆ. ನೋಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಗೌಜಗ ಹತ್ತನೆಯ ದಿನ ಸತ್ತಿತು. ಮೈಲ ಹನ್ನೆರಡನೆಯ ದಿನ. ಹೊಸ ಬೀಜ ಹೈದರಾಬಾದಿನಿಂದ ಬಂದದ್ದು ಹನ್ನೊಂದನೆಯ ದಿನ. ಅವ್ವ ಕೂತ ಬಂಡಿಯನ್ನು ಎಳೆದದ್ದಕ್ಕೇ ಮೊದಲು ಇವನ ಎತ್ತು ಹೋದವು ಎಂದು ಊರು ಹೇಳಿತು. ಮೈಲನನ್ನು ಹೂಳಿದ ಸಂಜೆ ನಾನು ಆದೆಪ್ಪನನ್ನು ಕರೆದುಕೊಂಡು ಹಳ್ಳದ ದಂಡೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸೊಪ್ಪೆ ಯಾವ ಗೋದಲಿಯದು, ಅದು ಎಲ್ಲಿ ಇತ್ತು, ಅದರ ಮೇಲಿನ ಜೊಲ್ಲಿನಲ್ಲಿ ಏನಿತ್ತು, ನಾನು ಏನು ಯೋಚಿಸಿದೆ, ಎಲ್ಲಿ ಯೋಚಿಸುವುದನ್ನು ಬಿಟ್ಟೆ.

ಅವನು ಉಸುಕಿನಲ್ಲಿದ್ದ ಕಾರಿನ ಹಳೆಯ ಗುರುತನ್ನು ಕಾಲಿನಿಂದ ಅಳಿಸಿದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆ ಮೇವು ಆಕಿ ಹಾಕಿದ್ದೇನ್ರಿ?"

"ಹೌದು."

"ಆಕಿ ಮುಂದ ಇದನ್ನ ಆಡಬ್ಯಾಡ್ರಿ."

"ಆಡದಿದ್ರ ಎಲ್ಲಾರೂ ಅವ್ವನ ಮ್ಯಾಲ ಹಾಕ್ತಾರ, ಆದೆಪ್ಪ. ನಾಳೆ ಯಾವ ಊರಾಗೂ ನನ್ನ ಸೂಜಿಗೆ ಒಪ್ಪಾಂಗಿಲ್ಲ. ಇನ್ನೂ ದನ ಸಾಯ್ತಾವ."

"ಸಾಯ್ಲಿ," ಅಂದ ಅವನು. ಆಮೇಲೆ ದನಿ ಇಳಿಸಿ, "ಅವ್ವ ಒಯ್ದಳು ಅಂದ್ರ ಆಕಿ ನಾಲ್ಕು ದಿನ ಅತ್ತು ಸುಮ್ನಾಗ್ತಾಳ. ತನ್ನ ಕೈಯಾಗ ಹ್ವಾದ್ವು ಅಂತ ಗೊತ್ತಾದ್ರ ಸುಮ್ನಾಗಾಂಗಿಲ್ರಿ. ನನಗ ಮನ್ಯಾಗ ಈಗ ಉಳದಿರೋದು ಆಕಿ ಒಬ್ಬಾಕಿ," ಅಂದ.

ಹೊರಡುವಾಗ ಹುಲಗೆಮ್ಮ ಒಂದು ತಂಬಿಗೆ ನೀರು ತಂದು ಕೊಟ್ಟಳು. ನಾನು ಕುಡಿಯುವವರೆಗೂ ಎದುರಿಗೆ ನಿಂತಳು.

"ಸಾಹೇಬ್ರ, ನೀವು ಓದಿದವರು. ಊರವರು ನೂರು ಅಂತಾರ. ನೀವು ಖರೇ ಹೇಳ್ರಿ. ಇದು ನಮ್ಮ ಮನಿಗೆ ಹ್ಯಾಂಗ ಬಂತು?"

ಆದೆಪ್ಪ ಎತ್ತಿನ ಖಾಲಿ ಗೂಟಗಳ ಹತ್ತಿರ ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

"ಅವ್ವ ಬಂದಿದ್ದಳು, ತಾಯಿ," ಅಂದೆ. "ನನ್ನ ಮೋಟಾರಿನಾಗ ಬಂದಿದ್ದಳು."

ಅವಳು ತಲೆಯಾಡಿಸಿದಳು. ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

ಆ ಮಾತು ನನಗಿಂತ ಮೊದಲೇ ಎಲ್ಲ ಊರಿಗೂ ಹೋಯಿತು. ಸಲೋತ್ರಿಯೇ ಬಾಯಿಬಿಟ್ಟು ಒಪ್ಪಿಕೊಂಡಾನ ಅಂದರು. ಹೊಸ ಆಡುಗಳನ್ನು ಕಟ್ಟಿಕೊಂಡು ನವಲಿಯವರೆಗೂ, ಕುಷ್ಟಗಿಯ ಆಚೆಯವರೆಗೂ ಹದಿನಾಲ್ಕು ಊರಿಗೆ ಹೋದೆ. ಹಸಿರು ಕಾರು ಕಂಡರೆ ದಾರಿಗೆ ಮುಳ್ಳು ಎಳೆಯುತ್ತಿದ್ದರು. ಮುಳ್ಳಿನ ಆಚೆ ದನ ಸಾಯುತ್ತಿದ್ದವು, ಈಚೆ ನನ್ನ ಪಕ್ಕದಲ್ಲಿ ಆಡಿನ ಜ್ವರ ಏರಿ ಇಳಿಯುತ್ತಿತ್ತು. ಬೇರೆ ಗಾಡಿ ಕೇಳಿ ಇಲಾಖೆಗೆ ಬರೆದೆ. ಉತ್ತರ ಬರಲಿಲ್ಲ. ಮರ್ದಾನಸಾಬ ಕಾರು ಹತ್ತುವುದನ್ನು ಬಿಟ್ಟ. "ನಾ ಬಂಡ್ಯಾಗ ಬರ್ತೀನ್ರಿ ಸಾಹೇಬ್ರ, ನಡು ನೋಯ್ತೈತಿ," ಎಂದ. ಮೇಲಿನವರಿಗೆ ಕಳಿಸಿದ ವರದಿಯಲ್ಲಿ ಇರಕಲ್ಲಗಡದ ಮುಂದೆ ರೋಗ ಬಂದ ದಾರಿ ಎಂಬ ಅಂಕಣವಿತ್ತು. ಅದರಲ್ಲಿ "ತಿಳಿದುಬಂದಿಲ್ಲ" ಎಂದು ಬರೆದು ಸಹಿ ಮಾಡಿದೆ.

ಜೂನಿನಲ್ಲಿ ಒಂದು ಸಂಜೆ ಕಾರು ಅದೇ ಹಳ್ಳದಲ್ಲಿ ಹೂತಿತು. ಹಾರ್ನ್ ಒತ್ತಲು ಮನಸ್ಸಾಗಲಿಲ್ಲ. ಇಳಿದು ಕೈಯಿಂದ ಉಸುಕು ಬಗೆಯುತ್ತಿದ್ದಾಗ ಆದೆಪ್ಪ, ಹುಲಗೆಮ್ಮ ಬಂದರು. ಯಾರದೋ ಹೊಲದಲ್ಲಿ ಕೂಲಿ ಮುಗಿಸಿ ಬರುತ್ತಿದ್ದರು, ಅವಳ ತಲೆಯ ಮೇಲೆ ಬುಟ್ಟಿ ಇತ್ತು. ಆದೆಪ್ಪ ಹಿಂದಿನ ಬದಿಗೆ ಹೋಗಿ ಹೆಗಲು ಕೊಟ್ಟ. ಹುಲಗೆಮ್ಮ ಬುಟ್ಟಿ ಇಳಿಸಿ ಎಡಗಡೆಗೆ ಬಂದಳು. ಸೀಟು ಖಾಲಿ ಇತ್ತು. ಅವಳು ಚಪ್ಪಲಿ ಕಳಚಿ ದೂರ ಇಟ್ಟಳು. ಸೆರಗು ಸರಿಮಾಡಿಕೊಂಡು ಆ ಸೀಟಿಗೆ ಕೈಮುಗಿದಳು. ಆಮೇಲೆ ಬಾಗಿಲಿಗೆ ಕೈ ಹಚ್ಚಿ ನೂಕತೊಡಗಿದಳು.